ಹಿಂದಿನ ಓಣಿಗೆ ಹೋದ ಬಿಸಿಲು

ನೀಲವ್ವ ಹಸಿ ಶಾವಿಗೆಯನ್ನು ಕೋಲಿನ ಮೇಲೆ ಎಳೆಎಳೆಯಾಗಿ ಇಳಿಬಿಡುತ್ತಿದ್ದಳು. ಅಷ್ಟರಲ್ಲಿ ಬಿಸಿಲೇ ಮಾಯವಾಯಿತು!

"ಮಾಸ್ತರ್ರ!" ಎಂದು ಕೂಗಿದಳು. ಗದಗಿನ ಆ ಓಣಿಯಲ್ಲಿ ಏನು ಕೆಟ್ಟರೂ ಮೊದಲು ಫಕೀರಪ್ಪ ಮಾಸ್ತರರ ಮಾಳಿಗೆಯ ಕಡೆ ನೋಡುವುದು ರೂಢಿ. ವಿಜ್ಞಾನ ಕಲಿಸಿ ನಿವೃತ್ತರಾದವರು. ಹುಬ್ಬಿನವರೆಗೂ ಸುಣ್ಣ ಮೆತ್ತಿಕೊಂಡು ನಿಂತಿದ್ದರು. ಮುಂದೊಂದು ಕುಕ್ಕರು, ಅದಕ್ಕೆ ಹಿಟ್ಟಿನ ಗಿರಣಿಯ ತಗಡಿನ ಕೊಳವೆ, ಪಕ್ಕದಲ್ಲಿ ಹಳೇ ಫ್ಯಾನಿನ ರೆಗ್ಯುಲೇಟರು.

"ಜಗತ್ತು ಕಾದು ಕೆಂಡ ಆಗೈತಿ ನೀಲವ್ವಾರ! ಮೂವತ್ತೆರಡು ವರ್ಷ ಡಸ್ಟರ್ ಬಡದು ಕೂಡಿಟ್ಟ ಸೀಮೆಸುಣ್ಣದ ಪುಡಿ ಮ್ಯಾಲೆ ಹಾರಿಸೀನಿ. ಬಿಸಿಲು ಬಂದ ದಾರೀಲೆ ಹೊಳ್ಳಿ ಹೋತು ನೋಡ್ರಿ!"

"ಹೋಗೂಮುಂದ ನನ್ನ ಶ್ಯಾವಿಗಿ ಒಣಗಿಸಿ ಹೋಗಂತ ಹೇಳ್ರಿ! ನಾಳೆ ಬಸುರಿ ಮಗಳ ಕುಬಸ. ಬೀಗರಿಗೆ ಮುದ್ದಿಯಾದ ಪಾಯಸ ಬಡಸ್ಲೇನು? ಬಿಸಿಲು ಅವರದೂ ಐತಿ, ಹಿಂದಿನ ಓಣಿಯವರ್ನರ ಕೇಳೀರೇನು?"

ಮಾಸ್ತರರು ಕಿಸೆ ಮುಟ್ಟಿಕೊಂಡರು. "ಯುಗಾದಿಗೇ ಪತ್ರ ಬರದೀನಿ. ಡಬ್ಬಿಗೆ ಹಾಕೋದೊಂದು ಬಾಕಿ."

ನಳದ ಜಗಳವಾದ ಮೇಲೆ ಎರಡೂ ಓಣಿಗಳ ನಡುವೆ ಮಾತಿರಲಿಲ್ಲ. ಮದುವೆಯ ಕರೆಯೋಲೆ ಕೂಡ ಅಂಚೆಯಲ್ಲೇ ಹೋಗುತ್ತಿತ್ತು!

ಆದರೆ ಆ ಮಧ್ಯಾಹ್ನ ಹಿಂದಿನ ಓಣಿಯ ಬಾಳವ್ವ ಗೋಡೆಯ ಮೇಲೆ ತಲೆ ಎತ್ತಿದಳು. ಎರಡು ವರ್ಷದ ಮೇಲೆ ಮೊದಲ ಮಾತು!

"ನಿಮ್ಮ ಪಾಲಿನ ಬಿಸಿಲೂ ನಮ್ಮ ಮ್ಯಾಲೇ ಬೀಳಾಕತ್ತೈತಿ! ಒಲಿ ಹಚ್ಚದ ಹಂಡೇದಾಗ ನೀರು ಕುದಿಯಾಕತ್ತೈತಿ! ಬಂದ್ ಮಾಡ್ರಿ!"

"ಬಂದ್ ಮಾಡಬ್ಯಾಡ್ರಿ!" ಈಚೆ ಓಣಿಯಲ್ಲಿ ಹೊರಸಿನ ಮೇಲೆ ತಂಪಾಗಿ ಮಲಗಿದ್ದ ಮಾಜಿ ಕಂಡಕ್ಟರ್ ಮಲ್ಲೇಶಿ ಎದ್ದು ಕೂತ. "ಹಿಂಗ ಹಾಯಾಗಿ ಮಲಗಿ ಎಷ್ಟ್ ವರ್ಷಾತು. ಐದಕ್ಕ ಇಡ್ರಿ!"

"ಒಂದಕ್ಕ ಇಡ್ರಿ!" ಎಂದಳು ಬಾಳವ್ವ.

"ನನ್ನ ಶ್ಯಾವಿಗಿ ಒಣಗೂತನಕ ಸೊನ್ನಿಗೆ ಇಡ್ರಿ!" ಎಂದಳು ನೀಲವ್ವ.

"ಥಟ್ಟನೆ ಸೊನ್ನಿಗೆ ಇಡಂಗಿಲ್ರೀ ತಂಗೀ!" ಮಾಸ್ತರರು ಕೈ ಅಡ್ಡ ಮಾಡಿದರು. "ಇಷ್ಟೊತ್ತು ತಡದ ಬಿಸಿಲು ಒಮ್ಮೆಲೇ ಇಳೀತೈತಿ. ಸಾವಕಾಶ ಇಳಿಸಬೇಕು."

ಅದನ್ನು ಮೊದಲೇ ಹೇಳಬೇಕಿತ್ತು. ಅಷ್ಟರಲ್ಲಿ ಮಾಳಿಗೆ ಏರಿದ್ದ ಮಲ್ಲೇಶಿ ಬಸ್ಸಿನ ಹಗ್ಗ ಜಗ್ಗಿದ ಕೈಯಲ್ಲಿ ಗುಂಡಿಯನ್ನು ಐದರತ್ತ ತಿರುವಿದ. ಹಳೇ ರೆಗ್ಯುಲೇಟರು, ಐದು ದಾಟಿದರೆ ಸೊನ್ನೆ!

ಧಗ್! ಇಡೀ ಹಗಲಿನ ಬಿಸಿಲು ಒಂದೇ ಗಳಿಗೆಯಲ್ಲಿ ಸುರಿಯಿತು. ಮಲ್ಲೇಶಿಯ ಹೊರಸಿನ ನುಲಿ ಹೊಗೆಯಾಡಿತು. ಕೋಲಿನ ಮೇಲಿನ ಶಾವಿಗೆ ಒಣಗಿತು, ಹುರಿದಂತಾಯಿತು, ಬಂಗಾರದ ಬಣ್ಣಕ್ಕೆ ತಿರುಗಿ ಘಮ್ಮೆಂದಿತು! ನೀಲವ್ವ ಕೋಲುಗಳನ್ನು ಬಾಚಿಕೊಂಡು ಒಳಗೆ ಓಡಿದಳು.

ಹಿಂದೆಯೇ ಮೂವತ್ತೆರಡು ವರ್ಷದ ಸೀಮೆಸುಣ್ಣ ಮುಗಿಲಿನಿಂದ ಉದುರಿತು. ಎರಡೂ ಓಣಿಯವರು ಬೆಳ್ಳಗೆ ಬೆಳ್ಳಗಾದರು! ಯಾರು ಯಾರೆಂದು ತಿಳಿಯದೆ ಬಾಳವ್ವ ತನ್ನ ಗಂಡನಿಗೇ ಬೈದಳು, ಮಲ್ಲೇಶಿಯ ಕಣ್ಣಿಗೆ ನೀರು ಹಾಕಿ ತೊಳೆದಳು.

ಸಂಜೆ ನೀಲವ್ವ ಮಾಸ್ತರರನ್ನು ಅಂಚೆ ಡಬ್ಬಿಯವರೆಗೆ ನಡೆಸಿಕೊಂಡು ಹೋದಳು. "ತಮ್ಮ ಬಿಸಿಲಿಗೆ ಕೈ ಹಾಕಲು ಅನುಮತಿ ಕೋರಿ" ಎಂಬ ಪತ್ರದ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆಸಿದಳು: "ಆಗಿದ್ದು ತಪ್ಪಾಯಿತು. ಕುಬಸಕ್ಕೆ ಬರ್ರಿ."

"ಕುಬಸ ನಾಳೆ, ಪತ್ರ ಮುಟ್ಟಾಕ ನಾಲ್ಕು ದಿನ ಬೇಕಲ್ರೀ!" ಎಂದರು ಮಾಸ್ತರರು.

"ಅವರನ್ನ ನಾ ಆಗಲೇ ಬಾಯಿಲೆ ಕರದೀನಿ," ಎಂದು ನೀಲವ್ವ ಪತ್ರವನ್ನು ಡಬ್ಬಿಯೊಳಗೆ ನೂಕಿದಳು. "ಇದು, ಮೊದಲ ಕೇಳೂದು ನಿಮಗ ರೂಢಿ ಆಗ್ಲಿ ಅಂತ."