ಕ್ಯಾಮೆರಾದ ಕಣ್ಣಿಗೊಂದು ದೃಷ್ಟಿಬೊಟ್ಟು

ದೇವರ ಹತ್ತಿರ ಬೇಡಿಕೊಳ್ಳುವುದರಲ್ಲಿ ನಾನು ಯಾವತ್ತೂ ಅಳತೆ ಮೀರಿದವಳಲ್ಲ. ಹಾಲು ಉಕ್ಕಿ ಒಲೆಗೆ ಬೀಳದಿರಲಿ, ಮುದ್ದೆಯಲ್ಲಿ ಗಂಟು ಉಳಿಯದಿರಲಿ, ಶ್ರೀರಾಂಪುರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗಲಿ, ನನ್ನ ಅರ್ಜಿಗಳೆಲ್ಲ ಇಂಥವೇ. ದೊಡ್ಡದನ್ನು ಕೇಳಿದರೆ ಅವನು ಯೋಚನೆಗೆ ಬೀಳುತ್ತಾನೆ, ಚಿಕ್ಕದಾದರೆ ತಟ್ಟನೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ ಎಂಬುದು ನನ್ನ ಅನುಭವ. ಸಂಜೆ ದೀಪ ಹಚ್ಚಿದ ಮೇಲೆ ಆ ದಿನ ಸಿಕ್ಕಿದ್ದನ್ನೆಲ್ಲ ಬೆರಳಿನ ಗೆರೆಗಳ ಮೇಲೆ ಎಣಿಸುತ್ತೇನೆ. ಸಾಮಾನ್ಯವಾಗಿ ಒಂದು ಕೈ ತುಂಬುತ್ತದೆ. ಹಬ್ಬದ ದಿನ ಎರಡನೆಯ ಕೈಗೂ ಹೋಗುತ್ತದೆ. ಇಂಥವಳು ಐವತ್ತು ದಾಟಿದ ಮೇಲೆ, ಮೊಮ್ಮಗಳಿಗೆ ಕಿವಿ ಚುಚ್ಚಿಸುವ ವಯಸ್ಸಿನಲ್ಲಿ, ‘ನನಗೊಂದು ಕ್ಯಾಮೆರಾ ಬೇಕು’ ಎಂದು ಕೈಮುಗಿದು ನಿಂತಾಗ ಹೊರಕೆರೆದೇವಪುರದ ಸ್ವಾಮಿಯೂ ಒಂದು ಗಳಿಗೆ ಕಕ್ಕಾಬಿಕ್ಕಿಯಾಗಿರಬೇಕು.

ಈ ಆಸೆಗೆ ಕಾರಣ ನಮ್ಮಣ್ಣ ಕರಿಯಣ್ಣ. ಮಾಡದಕೆರೆಯ ಹತ್ತಿರ ನಮ್ಮ ತೌರೂರು. ಅಲ್ಲಿ ಅವನದೊಂದು ಕುರಿ ಮಂದೆ, ನಮ್ಮಪ್ಪನ ಕಾಲದಿಂದ ಬಂದದ್ದು. ಮದುವೆಗೆ ಮುಂಚೆ ನಾನೂ ಅದರ ಹಿಂದೆ ಅಲೆದವಳೇ. ಶಾಲೆಯಲ್ಲಿ ಕಲಿತ ಮಗ್ಗಿ ಮರೆತಿದ್ದೇನೆ, ಬೆಳಗ್ಗೆ ಕುರಿ ಕೂಡುವ ರೊಪ್ಪದ ಬಾಗಿಲು ತೆಗೆದಾಗ ಮುಖಕ್ಕೆ ಬಡಿಯುತ್ತಿದ್ದ ಆ ಬೆಚ್ಚನೆಯ ವಾಸನೆಯನ್ನು ಮರೆತಿಲ್ಲ. ಹೊಸದುರ್ಗಕ್ಕೆ ಬಂದು ಮೂವತ್ತು ವರ್ಷವಾದರೂ ಎಲ್ಲಾದರೂ ಒದ್ದೆ ಕಂಬಳಿಯ ವಾಸನೆ ಸಿಕ್ಕಿದರೆ ಕಾಲು ತಾನಾಗಿಯೇ ನಿಲ್ಲುತ್ತದೆ. ಹೋದ ಶ್ರಾವಣದಲ್ಲಿ ಅಣ್ಣ ಫೋನು ಮಾಡಿದ. ಮೊಮ್ಮಗಳ ಹಲ್ಲಿನಿಂದ ಹಿಡಿದು ನಮ್ಮ ಬೀದಿಯ ನಲ್ಲಿಯವರೆಗೆ ಎಲ್ಲ ವಿಚಾರಿಸಿ, ಕೊನೆಗೆ, ಸಂತೆಯಿಂದ ಬರುತ್ತಾ ಎಲೆಅಡಿಕೆ ತಾ ಎನ್ನುವಷ್ಟು ಸಲೀಸಾಗಿ ಹೇಳಿದ: “ದೀಪಾವಳಿ ಆದ್ಮೇಲೆ ಮಂದೆ ಕೊಟ್ಬಿಡ್ತೀನಿ ಕಣವ್ವ. ಮಂಡಿ ಮಾತು ಕೇಳಲ್ಲ ಅಂತಾವೆ. ಹಿರಿಯೂರು ಕಡೇರು ಒಬ್ರು ಎಲ್ಲಾ ಒಟ್ಗೇ ತಗಂತೀನಿ ಅಂದವ್ರೆ.”

ಆ ಸಂಜೆ ದೀಪದ ಮುಂದೆ ಕೂತು ಬೆರಳು ಎಣಿಸಲಿಲ್ಲ. ಅಣ್ಣ ಇದ್ದಾನೆ, ಮಂದೆ ಇದೆ, ದೀಪಾವಳಿಗೆ ಇನ್ನೂ ಮೂರು ತಿಂಗಳಿದೆ. ಹೆಗಲ ಮೇಲೆ ಕಂಬಳಿ ಹೊತ್ತ ಅಣ್ಣ, ಅವನ ಜೊತೆ ಇಡೀ ಮಂದೆ, ಇಷ್ಟೂ ಒಂದು ಪಟದಲ್ಲಿ ನನಗೆ ಬೇಕು ಎನಿಸಿಬಿಟ್ಟಿತು. ನಮ್ಮ ಮನೆಯಲ್ಲಿ ಮದುವೆಯ ಪಟಗಳಿವೆ, ನಾಮಕರಣದ ಪಟಗಳಿವೆ, ಯಾರದೋ ನಿವೃತ್ತಿಯ ದಿನ ಎಲ್ಲರೂ ಹಾರ ಹಾಕಿಕೊಂಡು ನಿಂತ ಪಟವೂ ಇದೆ. ನಮ್ಮನ್ನು ಸಾಕಿದ ಕುರಿಗಳದು ಒಂದೂ ಇಲ್ಲ.

ಇಲ್ಲದಿರುವುದಕ್ಕೆ ಕಾರಣವಿದೆ. ನಮ್ಮವರು ಕುರಿ ಎಣಿಸುವುದಿಲ್ಲ. ಎಷ್ಟಿವೆ ಎಂದು ಯಾರಾದರೂ ಕೇಳಿದರೆ “ಅವೆ, ದೇವ್ರು ಕೊಟ್ಟಷ್ಟು” ಎನ್ನುತ್ತಾರೆ. ಎಣಿಸಿದರೆ ದೃಷ್ಟಿ ತಾಗಿ ಮಂದೆ ಕರಗುತ್ತದೆ ಎಂದು ನಂಬಿಕೆ. ಸಂಜೆ ರೊಪ್ಪಕ್ಕೆ ಕೂಡುವಾಗ ಅಣ್ಣ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಾನೆ. ಬಾರದಿದ್ದರೆ ಯಾವುದು ಬಂದಿಲ್ಲ ಎಂದು ಹೆಸರು ಹೇಳುತ್ತಾನೆಯೇ ಹೊರತು ಸಂಖ್ಯೆ ಹೇಳುವುದಿಲ್ಲ. ಪಟ ತೆಗೆದರೆ ಕುರಿ ಅಲುಗಾಡದೆ ನಿಂತುಬಿಡುತ್ತದೆ, ಬಂದವರು ಹೋದವರು ಕಾಫಿ ಕುಡಿಯುತ್ತಾ ಎಣಿಸುತ್ತಾರೆ ಎಂಬುದು ಅವನ ತಕರಾರು. ಹಿಂದೊಮ್ಮೆ ನಾನು ಫೋನು ಎತ್ತಿದ್ದಕ್ಕೆ ಅವನು ಕೋಲು ಎತ್ತಿದ್ದ. ಆಮೇಲೆ ದೂರದ ಬೇಲಿಯ ಮರೆಯಿಂದ ಕದ್ದು ತೆಗೆದೆ. ಮನೆಗೆ ಬಂದು ನೋಡಿದರೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಬಹಳ ಚೆನ್ನಾಗಿ ಬಂದಿದ್ದವು. ಕುರಿಗಳು ಎಳ್ಳು ಚೆಲ್ಲಿದ ಹಾಗಿದ್ದವು. ಅಣ್ಣ ಅವುಗಳಲ್ಲಿ ಸ್ವಲ್ಪ ದೊಡ್ಡ ಎಳ್ಳು. ದೂರದಲ್ಲಿ ನಿಂತೇ ಹತ್ತಿರಕ್ಕೆ ಎಳೆದುಕೊಳ್ಳುವ ಜೂಮ್ ಇರುವ ಕ್ಯಾಮೆರಾ ಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೆ.

ನಮ್ಮೆಜಮಾನರು ಕರೆಂಟಾಫೀಸಿನಲ್ಲಿದ್ದು ನಿವೃತ್ತರಾದವರು. ಯಾವ ವಸ್ತುವನ್ನೂ ಸುಲಭಕ್ಕೆ ಕೊಳ್ಳುವವರಲ್ಲ. ಫ್ರಿಜ್ ಆರಿಸಲು ಮೂರು ಬೇಸಿಗೆ ತೆಗೆದುಕೊಂಡರು. ಮೂರನೆಯ ಬೇಸಿಗೆಯ ಕೊನೆಗೆ ಅದು ಮನೆಗೆ ಬಂದ ದಿನವೇ ಮುಂಗಾರು ಹಿಡಿಯಿತು.

“ಫೋನ್ನಾಗೆ ಕ್ಯಾಮೆರಾ ಐತಲ್ಲೇ” ಎಂದರು.

“ಅದ್ರಾಗೆ ನಮ್ಮಣ್ಣ ಎಳ್ಳಾಗ್ತಾನ್ರಿ.”

“ಹತ್ರ ಹೋಗಿ ತೆಗಿ.”

“ಕೋಲು ತಗಂತಾನೆ.”

“ಅಂದ್ರೆ ಅವನ ಕೋಲಿಗಿಂತ ಉದ್ದಕೆ ಕಾಣೋದು ಬೇಕು ಅನ್ನು” ಎಂದು ಡೈರಿ ತೆಗೆದುಕೊಂಡು ಕೂತರು. ಅವರು ಡೈರಿ ತೆಗೆದರೆ ಒಪ್ಪಿದರೆಂದೇ ಅರ್ಥ. ತೀರಾ ಅಗ್ಗದ್ದು ಬೇಡ, ತೀರಾ ದುಬಾರಿಯದು ಬೇಡ, ಮಧ್ಯದ್ದು ಇರಲಿ ಎಂದು ತೀರ್ಮಾನವಾಯಿತು. ಮಧ್ಯದ್ದು ಎಂಬುದು ನಮ್ಮ ಮನೆಯಲ್ಲಿ ಕುಲದೇವರಿಗೆ ಸಮ. ಅಕ್ಕಿ ಮಧ್ಯದ್ದು, ಸೀರೆ ಮಧ್ಯದ್ದು. ಅವರು ಹೆಣ್ಣು ನೋಡಲು ಹೊರಟಾಗ ನೋಡಿದ ಮೂವರಲ್ಲಿ ನಾನೂ ಮಧ್ಯದವಳೇ.

ಆಮೇಲೆ ವಾರಗಟ್ಟಲೆ ಕ್ಯಾಮೆರಾಗಳನ್ನು ಹೋಲಿಸುವ ವಿಡಿಯೋ ನೋಡಿದೆ. ಸಾರಿಗೆ ಒಗ್ಗರಣೆ ಹಾಕುತ್ತಾ ಮೆಗಾಪಿಕ್ಸೆಲ್ ಕೇಳಿದೆ, ಅವರೆಕಾಯಿ ಬಿಡಿಸುತ್ತಾ ಶಟರ್ ಸ್ಪೀಡ್ ಕೇಳಿದೆ. ಪ್ರತಿಯೊಬ್ಬ ಪುಣ್ಯಾತ್ಮನೂ ಅರ್ಧ ಗಂಟೆ ಮಾತಾಡಿ ಕೊನೆಗೆ, ಎಲ್ಲವೂ ನಿಮ್ಮ ಅಗತ್ಯದ ಮೇಲೆ ಹೋಗುತ್ತದೆ ಎಂದು ಕೈ ಬಿಡುತ್ತಿದ್ದ. ನನ್ನ ಅಗತ್ಯ ಕುರಿ ಎಂದು ಅವರಿಗೆ ಹೇಳುವವರು ಯಾರು? ಕೊನೆಗೆ ದಸರಾ ಕಳೆದ ಮೇಲೆ ಇಬ್ಬರೂ ಚಿತ್ರದುರ್ಗದ ಬಸ್ಸು ಹತ್ತಿದೆವು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದನ್ನು ಶುಭಶಕುನವೆಂದು ಎಣಿಸಿಕೊಂಡೆ.

ಅಂಗಡಿಯವನು ಸಜ್ಜನ. “ಬರ್ರಿ, ಕುಂತ್ಕಳ್ರಿ” ಎಂದು ಫ್ಯಾನು ತಿರುಗಿಸಿ ನಮ್ಮ ಕಡೆ ಮಾಡಿದ.

“ಏನು ತೆಗಿತೀರಿ ಮೇಡಂ? ಫಂಕ್ಷನ್ನಾ, ವೈಲ್ಡ್ ಲೈಫಾ?”

“ಕುರಿ.”

“ಕಾಡುಕುರಿನಾ?” ಎಂದ ಅವನು.

“ಅಲ್ಲಪ್ಪ, ನಮ್ಮಣ್ಣನವು.”

ಮೂರು ಕ್ಯಾಮೆರಾ ತಂದಿಟ್ಟ. ಮೊದಲನೆಯದು ಪುಟ್ಟದು, ಎಲೆಅಡಿಕೆ ಚೀಲದೊಳಗೆ ಕೂರುವಂಥದ್ದು. ಆದರೆ ಜೂಮ್ ಅಷ್ಟಕ್ಕಷ್ಟೇ. ಎರಡನೆಯದು ಲೆನ್ಸು ಬದಲಿಸುವಂಥದ್ದು. ಅದರ ಜೊತೆ ಒಂದು ಚಿಕ್ಕ ಲೆನ್ಸು ಬರುತ್ತದೆ, ದೂರದ್ದು ಕಾಣಿಸುವ ಲೆನ್ಸನ್ನು ಬೇರೆ ಕೊಳ್ಳಬೇಕು. ಮದುವೆಯಾದ ಮೇಲೆ ಸೊಸೆಯ ತೌರಿನಿಂದ ಒಂದೊಂದೇ ತರಿಸುವ ಅತ್ತೆಯ ಹಾಗೆ ಅದು. ಮೂರನೆಯದು ದಪ್ಪ, ಲೆನ್ಸು ಬದಲಿಸುವಂತಿಲ್ಲ, ಆದರೆ ಗುಂಡಿ ಒತ್ತಿದರೆ ಆಮೆಯ ಕತ್ತಿನಂತೆ ಮುಂದಕ್ಕೆ ಚಾಚುತ್ತದೆ. ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿ ನೋಡಲು ಹೇಳಿದ. ಕೋಟೆಯ ಬಂಡೆಯ ಮೇಲೆ ಕೂತಿದ್ದ ಪಾರಿವಾಳವೊಂದು ಕೊಕ್ಕಿನಿಂದ ಎದೆಯ ಗರಿ ಬಿಡಿಸಿಕೊಳ್ಳುತ್ತಿರುವುದು ಕಂಡಿತು. ಬರಿಗಣ್ಣಿಗೆ ಅಲ್ಲಿ ಪಾರಿವಾಳ ಇರುವುದೇ ಕಾಣುತ್ತಿರಲಿಲ್ಲ. ಇದರಲ್ಲಿ ಅಣ್ಣನ ಮೀಸೆಯ ಬಿಳಿ ಕೂದಲೂ ಕಾಣುತ್ತದೆ ಎಂದುಕೊಂಡೆ.

ಆದರೆ ಸಜ್ಜನರ ತೊಂದರೆಯೆಂದರೆ ನಿಜ ಹೇಳುತ್ತಾರೆ. “ಸಂಜೆ ಬೆಳಕಲ್ಲಿ ಇದು ಸ್ವಲ್ಪ ಮಂಕು ಮೇಡಂ. ಸೆನ್ಸರ್ ಚಿಕ್ಕದು. ಎರಡನೇದ್ರಾಗೆ ಸೆನ್ಸರ್ ದೊಡ್ಡದೈತೆ” ಎಂದುಬಿಟ್ಟ. ನಮ್ಮವರು ಡೈರಿ ಮುಚ್ಚಿದರು. “ಯೋಚ್ನೆ ಮಾಡಿ ಬರ್ತೀವಿ” ಎಂದರು. ಮೊದಲ ಬೇಸಿಗೆಯಲ್ಲಿ ಫ್ರಿಜ್ಜಿನ ಅಂಗಡಿಯಲ್ಲೂ ಅವರು ಆಡಿದ್ದು ಇದೇ ಮಾತು. ನನಗೋ ಮೂರು ಬೇಸಿಗೆಯ ಅವಕಾಶವಿರಲಿಲ್ಲ. ದೀಪಾವಳಿಗೆ ಉಳಿದದ್ದು ಎರಡೇ ವಾರ.

ಮಾರನೆಯ ದಿನ ಸ್ನಾನ ಮಾಡಿ, ಮೂರು ಚೀಟಿ ಬರೆದು ದೇವರ ಮುಂದಿಟ್ಟೆ. ಕಣ್ಣು ಮುಚ್ಚಿ ಎತ್ತಿದರೆ ಎರಡನೆಯದು ಬಂತು. ಸ್ವಾಮಿಗೆ ದೂರದ ಲೆನ್ಸು ಬೇರೆ ಕೊಳ್ಳಬೇಕೆಂಬುದು ಗೊತ್ತಿರಲಿಕ್ಕಿಲ್ಲ ಎಂದು ಅದನ್ನು ವಿವರವಾಗಿ ಅರಿಕೆ ಮಾಡಿಕೊಂಡು ಮತ್ತೆ ಎತ್ತಿದೆ. ಮೊದಲನೆಯದು ಬಂತು. ಕೈಯಲ್ಲಿ ಅರಿಸಿನವಿತ್ತು, ಅದು ಲೆಕ್ಕಕ್ಕಿಲ್ಲ ಎಂದುಕೊಂಡೆ. ಮೂರನೆಯ ಸಲ ಮೂರನೆಯದು ಬಂದ ಕೂಡಲೇ ಚೀಟಿಯನ್ನು ಕಣ್ಣಿಗೊತ್ತಿಕೊಂಡು “ಸ್ವಾಮಿಯ ಇಚ್ಛೆ” ಎಂದೆ. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ನಮ್ಮವರು, “ದೇವ್ರೂ ನಿನ್ನ ಮಾತು ಕೇಳ್ತಾನೆ ಬಿಡು, ನಮ್ಮಂಗೆ” ಎಂದು ಅಂಗಿ ಹಾಕಿಕೊಂಡು ಚಿತ್ರದುರ್ಗದ ಬಸ್ಸಿಗೆ ಹೊರಟರು.

ದೀಪಾವಳಿ ಮುಗಿಯಿತು. ಮಾರನೆಯ ಬೆಳಗ್ಗೆ ಹಿರಿಯೂರಿನ ಲಾರಿ ಬರುವುದಿದೆ ಎಂದು ಗೊತ್ತಾದ ದಿನ ನಾನು ತೌರೂರಿಗೆ ಓಡಿದೆ. ಅವಸರದಲ್ಲಿ ಕನ್ನಡಕ ಮನೆಯಲ್ಲೇ ಉಳಿಯಿತು. ಹೋಗಲಿ, ಕ್ಯಾಮೆರಾಕ್ಕೆ ಕಣ್ಣಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಣ್ಣ ಮಂದೆಯನ್ನು ಕೊಯ್ಲಾದ ಹೊಲದ ಕೂಳೆಯಲ್ಲಿ ಬಿಟ್ಟುಕೊಂಡು ನಿಂತಿದ್ದ. ನಾನು ಬೇಲಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತು, ಆಮೆಯ ಕತ್ತನ್ನು ಪೂರ್ತಿ ಚಾಚಿಸಿ ಗುರಿ ಹಿಡಿದೆ. ಅಷ್ಟರಲ್ಲಿ ಕುಂಟು ಕುರಿಯೊಂದು ಬಂದು ನನ್ನ ಸೆರಗನ್ನು ಜಗಿಯತೊಡಗಿತು. ಅದನ್ನು ಹುಡುಕಿಕೊಂಡು ಅಣ್ಣನೂ ಬಂದ.

“ಲೇ ರಂಗೀ, ಬೇಲಿಯಾಗೆ ಏನೇ ಮಾಡ್ತೀಯ? ಅದೇನದು ಕೊಳಗದಂಗೆ?”

“ಕ್ಯಾಮೆರಾ ಕಣಣ್ಣ.”

ಅವನು ಬಗ್ಗಿ ಲೆನ್ಸಿನೊಳಗೆ ನೋಡಿದ. “ಒಂಟಿ ಕಣ್ಣಿಂದು. ಅದೂ ಇಷ್ಟು ದಪ್ಪ ಕಣ್ಣು. ಇದು ನೋಡಿದ್ರೆ ಮಂದೆ ಉಳಿತೈತೇನೇ?”

“ನಾಳೆ ಹೋಗೋ ಮಂದೆ ಅಲ್ವೇನಣ್ಣ” ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವನು ಕುಂಟಿಯ ಕಿವಿ ತಿಕ್ಕಿದ. ಆಮೇಲೆ, “ನಾಳೆ ಹೋಗವೇ. ಹೋದ ಕಡೆ ಚೆಂದಾಗಿ ಇರಬಾರ್ದೇನೇ?” ಎಂದ.

ನಾನು ಕ್ಯಾಮೆರಾವನ್ನು ಚೀಲಕ್ಕೆ ಹಾಕತೊಡಗಿದೆ. ನನ್ನ ಮುಖ ನೋಡಿದನೋ ಏನೋ, “ತಡಿ ತಡಿ, ಅಳಬ್ಯಾಡ” ಎಂದ. “ಕೂಸಿಗೆ ದೃಷ್ಟಿ ಆಗಬಾರ್ದು ಅಂತ ಕೂಸಿಗೆ ಬೊಟ್ಟು ಇಕ್ತೀವಿ. ಇಷ್ಟು ಕುರಿಗೆ ಎಲ್ಲಿ ಇಕ್ಕಾದು? ನೋಡೋ ಕಣ್ಣಿಗೇ ಇಕ್ಕಿಬಿಡಾಣ, ತಗ ಇಲ್ಲಿ.” ಹೊಲದ ಬದುವಿನಲ್ಲಿ ಹೂಡಿದ್ದ ಮೂರು ಕಲ್ಲಿನ ಒಲೆಯ ಮೇಲಿದ್ದ ಟೀ ಪಾತ್ರೆಯ ತಳದ ಮಸಿಗೆ ಒಂದು ತೊಟ್ಟು ಎಣ್ಣೆ ಬೆರೆಸಿ, ಕಿರುಬೆರಳಿಂದ ಲೆನ್ಸಿನ ಒಂದು ಅಂಚಿಗೆ, ಕೂಸಿನ ಕೆನ್ನೆಗೆ ಇಡುವಷ್ಟೇ ಅಕ್ಕರೆಯಿಂದ ಬೊಟ್ಟು ಇಟ್ಟ. ಗಾಜಿಗೆ ಬೆರಳು ತಾಗಿಸಬಾರದೆಂದು ಅಂಗಡಿಯವನು ನಮ್ಮವರಿಗೆ ಮೂರು ಸಲ ಹೇಳಿ ಕಳಿಸಿದ್ದನಂತೆ. ನಾನು ತಡೆಯಲಿಲ್ಲ. ಬೊಟ್ಟು ಇಡುವ ಕೈಯನ್ನು ತಡೆಯುವ ಪದ್ಧತಿ ನಮ್ಮಲ್ಲಿಲ್ಲ.

ಆಮೇಲೆ ಏನು ಹೇಳಲಿ! ಅಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು ನಾಲಿಗೆಯಲ್ಲಿ ಟ್ರ್ರ್ ಎಂದು ಸದ್ದು ಮಾಡಿದ. ಹೊಲದ ತುಂಬ ಚೆದುರಿದ್ದದ್ದೆಲ್ಲ ತಲೆಯೆತ್ತಿ ಅವನ ಪಕ್ಕಕ್ಕೆ ಹರಿದು ಬಂತು. ಸಂಜೆಯ ಬಿಸಿಲು ಉಣ್ಣೆಯ ಅಂಚಿಗೆ ಹತ್ತಿಕೊಂಡಿತ್ತು. ನಾನು ಎದುರಿಗೇ, ಹತ್ತು ಮಾರು ದೂರದಲ್ಲಿ ನಿಂತಿದ್ದೆ. ಜೂಮಿಗಾಗಿ ಅಷ್ಟೆಲ್ಲ ಒದ್ದಾಡಿ ತಂದ ಕ್ಯಾಮೆರಾದಲ್ಲಿ ಜೂಮ್ ಬೇಕಾಗಲೇ ಇಲ್ಲ. ಹನ್ನೊಂದು ಪಟ ತೆಗೆದೆ. ಹಿಂದಿನ ಪರದೆ ಬಿಸಿಲಿಗೆ ಸರಿಯಾಗಿ ಕಾಣಲಿಲ್ಲ, ಕಂಡದ್ದೂ ಕನ್ನಡಕವಿಲ್ಲದೆ ತಿಳಿಯಲಿಲ್ಲ. ಆದರೂ ಅವತ್ತು ಎರಡೂ ಕೈಯ ಬೆರಳು ಮುಗಿದು ಕಾಲಿನ ಬೆರಳಿಗೆ ಬಂದಿದ್ದೆ.

ಮಾರನೆಯ ದಿನ ಹೊಸದುರ್ಗಕ್ಕೆ ಬಂದು ಕ್ಯಾಮೆರಾವನ್ನು ಟೀವಿಗೆ ಸಿಕ್ಕಿಸಿದೆವು. ಆ ಹೊತ್ತಿಗೆ ಮಂದೆ ಲಾರಿ ಹತ್ತಿ ಹೋಗಿಯಾಗಿತ್ತು. ಪರದೆಯ ತುಂಬ ಕುರಿಗಳು ಬಂದವು. ಒಂದೊಂದರ ಕಣ್ಣು, ಕಿವಿಗೆ ಅಂಟಿದ್ದ ಮುಳ್ಳು, ಕುಂಟಿಯ ಬಾಯಲ್ಲಿ ಸಿಕ್ಕಿಕೊಂಡಿದ್ದ ನನ್ನ ಸೆರಗಿನ ಎಳೆ, ಎಲ್ಲವೂ ನಿಚ್ಚಳ. ಎಡಗಡೆಯ ಮೂಲೆಯಲ್ಲಿ ಮಾತ್ರ ಒಂದು ಕಪ್ಪು ಮೋಡ. ಆ ಮೋಡದೊಳಗೆ ಕಂಬಳಿಯಂಥದ್ದು ಏನೋ ಒಂದು. ಹನ್ನೊಂದರಲ್ಲಿ ಹನ್ನೊಂದೂ ಹಾಗೆಯೇ. ಮಂದೆಯ ಆ ಮಗ್ಗುಲಲ್ಲೇ ನಡೆಯುವುದು ಅಣ್ಣನ ರೂಢಿ; ಅವನು ಇಟ್ಟ ಬೊಟ್ಟು ಅವನ ಮೇಲೇ ಕೂತಿತ್ತು. ನಮ್ಮವರು, “ಸೆನ್ಸರ್ ದೊಡ್ಡದು ತಗಬೇಕಿತ್ತೇನೋ” ಎಂದರು. ಅದು ಅವರ ಸಾಂತ್ವನದ ರೀತಿ.

ಅಣ್ಣನಿಗೆ ಫೋನು ಮಾಡಿ ಹೇಳಿದೆ. ಅವನು ಗಹಗಹಿಸಿ ನಕ್ಕ. “ಒಳ್ಳೇದೇ ಆತು ಬಿಡೇ. ಅವುಕ್ಕೆ ತಾಗೋದು ನಂಗೆ ತಾಗ್ತು. ಎಲ್ಲಾ ಬಂದವಾ?”

“ಬಂದವೆ ಕಣಣ್ಣ.”

“ಎಣಿಸಿಲ್ಲ ತಾನೇ?”

“ಇಲ್ಲ.”

“ರೊಪ್ಪದ ಬಾಗ್ಲು ಹಾಕಾಕೆ ಹೋಗಿದ್ದೆ ನೋಡು ಈಗ, ಮರ್ತು” ಎಂದು ಫೋನಿಟ್ಟ.

ಹದಿನೈದು ದಿನ ಬಿಟ್ಟು ಹೋಗಿ, ಲೆನ್ಸನ್ನು ಚೊಕ್ಕಟವಾಗಿ ಒರೆಸಿ ಅವನೊಬ್ಬನದೇ ಪಟ ತೆಗೆದೆ. ಮೀಸೆಯ ಒಂದೊಂದು ಬಿಳಿ ಕೂದಲೂ ಬಂತು. ಆದರೆ ಕೈ ಎಲ್ಲಿಡಬೇಕೆಂದು ತಿಳಿಯದೆ, ಬ್ಯಾಂಕಿನ ಪಾಸ್‌ಬುಕ್ಕಿಗೆ ನಿಂತವನ ಹಾಗೆ ನಿಂತಿದ್ದಾನೆ. ಯಾರೋ ಹಿರಿಯರು ಎನ್ನಬಹುದು, ನಮ್ಮಣ್ಣ ಎನ್ನಲಾಗದು. ಆ ಮೋಡದೊಳಗೆ ಇರುವವನೇ ನಮ್ಮಣ್ಣ.

ಅದಕ್ಕೇ ಮಂದೆಯ ಪಟವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕದಲ್ಲಿ ತೂಗುಹಾಕಿದ್ದೇನೆ. ಬಂದವರೆಲ್ಲ ನೋಡಿ, ಚೆನ್ನಾಗಿದೆ, ಆ ಮೂಲೆಯಲ್ಲಿ ಗಾಜಿಗೆ ಏನೋ ಮೆತ್ತಿಕೊಂಡಿದೆ, ಒರೆಸಬಾರದೇ ಎನ್ನುತ್ತಾರೆ. ಅದು ಒರೆಸಿದರೆ ಹೋಗುವಂಥದ್ದಲ್ಲ ಎಂದು ಅವರಿಗೆಲ್ಲ ತಿಳಿಹೇಳುವುದೇ ಒಂದು ಕೆಲಸವಾಗಿದೆ. ಹೇಳುವವಳು ನಾನೇ, ಶುಕ್ರವಾರ ದೇವರ ಪಟಗಳ ಜೊತೆ ಅದನ್ನೂ ಒರೆಸುವಾಗ, ಆ ಎಡಮೂಲೆಗೆ ಬಂದ ಕೂಡಲೇ ಸೆರಗಿನ ತುದಿಗೆ ಬಾಯಿಯ ಆವಿ ಹಿಡಿದು, ಇನ್ನೂ ಸ್ವಲ್ಪ ಗಟ್ಟಿಯಾಗಿ ತಿಕ್ಕಿ ನೋಡುವವಳೂ ನಾನೇ.