ಮಳೆ ದೂಡುವ ಗಾಡಿಯಲ್ಲಿ ಖಡಕ್ ರೊಟ್ಟಿ

“ಕೈ ಹೊರಗ ಹಾಕ ದಾಕ್ಷಿ! ಒಂದ ಹನಿ ಬಿತ್ತಂದ್ರ ನನ್ನ ಹೆಸರು ಬದ್ಲಿ ಮಾಡು!”

ದಾಕ್ಷಾಯಿಣಿ ಅಂಜುತ್ತಂಜುತ್ತ ಕಿಟಕಿಯಿಂದ ಎರಡು ಬೆರಳು ತೂರಿಸಿದಳು. ಆಮೇಲೆ ಮುಂಗೈ. ಆಮೇಲೆ ಮೊಣಕೈವರೆಗೂ! ಹುಬ್ಬಳ್ಳಿ ದಾಟಿದಾಗಿನಿಂದ ಮಳೆ ಧೋ ಎಂದು ಸುರಿಯುತ್ತಿತ್ತು. ಲಾರಿಗಳೆಲ್ಲ ತೊಯ್ದ ಎಮ್ಮೆಗಳಂತೆ ತೆವಳುತ್ತಿದ್ದವು. ಇವರ ಗಾಡಿಯ ಹತ್ತಿರ ಬಂದ ಹನಿಗಳು ಮಾತ್ರ ಹಿರಿಯರನ್ನು ಕಂಡವರಂತೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು.

“ಯವ್ವಾ! ಒಣಾ ಒಣಾ ಐತಲ್ಲ ಮಾನಂದಾ!”

“ಮತ್ತ? ಹನಿಯೊಳಗ ಒಂದ ನಮೂನಿ ಕರೆಂಟ್ ಇರತೈತಿ. ಗಾಡಿಗೂ ಅದ ಜಾತಿ ಕರೆಂಟ್ ಹಚ್ಚೀನಿ. ಒಂದ ಜಾತೀವು ಒಂದನ್ನೊಂದು ದೂಡ್ತಾವ.”

“ಬೀಗರಂಗ ಅನ್ನು.”

ಗದಗಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಮಹಾನಂದಾ ಹಳೆಯ ಮಿನಿಬಸ್ಸೊಂದಕ್ಕೆ ಮಂಚ, ಒಲೆ, ಪರದೆ ಜೋಡಿಸಿ ಕ್ಯಾಂಪರ್ ವ್ಯಾನ್ ಮಾಡಿಕೊಂಡಿದ್ದಳು. ಮಳೆ ದೂಡುವ ಯಂತ್ರವನ್ನು ತನ್ನ ಸೀಟಿನ ಹಿಂದೆ ಕೂರಿಸಿದ್ದಳು. ಹಿಂದಿನ ಮಂಚದ ಮೇಲೆ ಗೆಳತಿಯ ಪ್ರಾಣವೇ ಇತ್ತು: ನೂರೊಂದು ಖಡಕ್ ಜೋಳದ ರೊಟ್ಟಿಯ ಬುತ್ತಿ! ಕಾರವಾರದಲ್ಲಿ ದಾಕ್ಷಾಯಿಣಿಯ ಬಸುರಿ ಮಗಳು ಸುವರ್ಣಾಳಿಗೆ ಅಂದು ಮಧ್ಯಾಹ್ನ ಕುಬಸ, ಸೀಮಂತದ ಶಾಸ್ತ್ರ. ತವರಿನ ಬುತ್ತಿ ಬಂದಿಳಿಯದೆ ಕುಬಸ ನಡೆದೀತೆ? ಬೀಗಿತಿ ಗಂಗಾಬಾಯಿ ಫೋನಿನಲ್ಲೇ ಚುಚ್ಚಿದ್ದಳು: “ನಮ್ಮೂರ ಮಳ್ಯಾಗ ನಿಮ್ಮ ಖಡಕ್ ರೊಟ್ಟಿ ಒದ್ದಿ ಅರಿವಿ ಆಗಿರ್ತಾವ ನೋಡ್ರಿ. ಬ್ರೆಡ್ ತಂದಬಿಡ್ರಿ!”

ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಗಾಡಿಯ ಸುತ್ತ ಜಾತ್ರೆ ಕೂಡಿತು. “ಏನ್ ಗಾಡಿ ರೀ ಇದು!” ಎಂದು ಒಬ್ಬೊಬ್ಬರೂ ಬಾಯಿ ಬಿಟ್ಟಾಗ ದಾಕ್ಷಾಯಿಣಿ ಲಗುಬಗೆಯಿಂದ ಗಾಡಿ ಹತ್ತಿದಳು. ಇಷ್ಟು ಕಣ್ಣು ಬಿದ್ದರೆ ಕಲ್ಲೂ ಸೀಳೀತು! ಬುತ್ತಿಯಿಂದ ನಿಂಬೆಹಣ್ಣು, ಮೆಣಸಿನಕಾಯಿ ತೆಗೆದಳು. ದಾರ ಸಿಗಲಿಲ್ಲ. ಸಾಮಾನಿನ ಪೆಟ್ಟಿಗೆಯಲ್ಲಿ ತಾಮ್ರದ ತಂತಿಯೂ ಕಬ್ಬಿಣದ ಮೊಳೆಯೂ ಸಿಕ್ಕವು. ಮಹಾನಂದಾ ಚಹಾ ಹೀರಿ ಮುಗಿಸುವುದರೊಳಗೆ ಎಲ್ಲವನ್ನೂ ಚುಚ್ಚಿ, ಪೋಣಿಸಿ, ಯಂತ್ರದ ಜೋರು ಏರಿಸಿ ಇಳಿಸುವ ಗುಂಡಿಗೇ ಬಿಗಿಯಾಗಿ ಕಟ್ಟಿಬಿಟ್ಟಳು.

ಅರಬೈಲ್ ಘಟ್ಟ ಇಳಿಯತೊಡಗಿದ್ದೇ ತಡ, ಮುಂದಿನ ರಸ್ತೆಯಲ್ಲಿ ಮಳೆ ನಿಂತಿತು. ಎಡಗಡೆ ನಿಂತಿತು. ಬಲಗಡೆಯೂ! ಬೈಕಿನವನೊಬ್ಬ ರೇನ್‌ಕೋಟು ಬಿಚ್ಚಿ ಮಡಚಿದ. ಇಡೀ ಘಟ್ಟದ ಮಳೆ ಬಾಗಿ ಬಂದು ಇವರ ಗಾಡಿಯ ತಗಡಿನ ಮೇಲಷ್ಟೇ ಸುರಿಯುತ್ತಿತ್ತು! ಹಿಂದಿದ್ದ ಲಾರಿಯವನು ತಲೆ ಹೊರಗೆ ಹಾಕಿ ಕೂಗಿದ: “ಅಕ್ಕೋರ, ಭಾಳ ಉಪಕಾರ ಆತ್ರಿ! ನನ್ನ ವೈಪರ್ ಕೆಟ್ಟಿತ್ತು. ಕಾರವಾರದ ತನಕಾ ಹಿಂಗ ಮುಂದ ಮುಂದ ನಡೀರಿ!”

“ಮಾನಂದಾ, ಸೋರಾಕತ್ತೈತಿ! ರೊಟ್ಟಿ! ನನ್ನ ರೊಟ್ಟಿ!”

ದಾಕ್ಷಾಯಿಣಿ ಹಾರಿ ಹೋಗಿ ಬುತ್ತಿಯ ಮೇಲೆ ಕವುಚಿ ಬಿದ್ದಳು. ಅಷ್ಟರಲ್ಲಿ ಕಣಿವೆಯ ಮೋಡವೊಂದು, ತಾಯಿಯನ್ನು ಕಂಡ ಕರುವಿನಂತೆ ಓಡೋಡಿ ಬಂದು ಕಿಟಕಿಯಿಂದ ಒಳಗೇ ನುಗ್ಗಿತು! ಮಂಚ ಕಾಣದು, ಒಲೆ ಕಾಣದು. ಮಹಾನಂದಾ ಗಾಡಿ ನಿಲ್ಲಿಸಿ ಯಂತ್ರ ತಡವಿದಳು. ಕೈಗೆ ನಿಂಬೆಹಣ್ಣು ಸಿಕ್ಕಿತು.

“ಇದನ್ಯಾರ ಕಟ್ಟಿದ್ರು?!”

“ದೃಷ್ಟಿ ಆಗಬಾರದಂತ ನಾನ…”

“ತಾಮ್ರ, ಕಬ್ಬಿಣ ಚುಚ್ಚಿದ ನಿಂಬೆಹಣ್ಣು ಅಂದ್ರ ಬ್ಯಾಟ್ರಿ ಹುಚ್ಚಿ! ನನ್ನ ಕರೆಂಟೆಲ್ಲಾ ಉಲ್ಟಾ ಆಗೇತಿ! ಸರಿ ಅತ್ತಾಗ, ಕೀಳತೀನಿ!”

“ಮುಟ್ಟೀ ಜ್ವಾಕಿ! ಊರು ಮುಟ್ಟೂಕಿಂತ ಮೊದಲ ಬಿಚ್ಚಿದ್ರ ಕೆಟ್ಟದ್ದಾಗತೈತಿ!”

“ಇನ್ನೇನ್ ಕೆಡೂದೈತಿ? ನಿಂಬೆಹಣ್ಣು ಬೇಕೋ, ರೊಟ್ಟಿ ಬೇಕೋ? ಒಂದ ಹೇಳು!”

ಮೋಡದೊಳಗೆ ದಾಕ್ಷಾಯಿಣಿಗೆ ಗಂಗಾಬಾಯಿಯ ನಗು ಕೇಳಿಸಿದಂತಾಯಿತು. ಎದ್ದು ಬಂದು, ತಾನೇ ಕೈ ಹಾಕಿ ಜಗ್ಗಿ ಎಳೆದಳು. ನಿಂಬೆಹಣ್ಣು ಬಂತು. ಜೊತೆಗೆ ಗುಂಡಿಯೂ!

ಗುಂಡಿ ಕಳಕೊಂಡ ಯಂತ್ರ ಭೋರೆಂದು ಪೂರ್ತಿ ಜೋರಿಗೆ ಏರಿತು. ಮೋಡ ಒದೆ ತಿಂದವರಂತೆ ಹಾರಿ ಕಣಿವೆಗೆ ಬಿತ್ತು. ದಾಕ್ಷಾಯಿಣಿಯ ಸೀರೆಯ ನೀರು ಚಿಮ್ಮಿ ಹೋಗಿ ಲಾರಿಯವನ ಮುಖ ತೊಳೆಯಿತು. ಥರ್ಮಾಸಿನ ಚಹಾ ಮುಚ್ಚಳವನ್ನೂ ಎತ್ತಿಕೊಂಡು ಓಡಿಹೋಯಿತು! ರೊಟ್ಟಿಗಳಲ್ಲಿ ಒಂದು ಹನಿ ಉಳಿಯಲಿಲ್ಲ.

ಬೀಗರ ಮನೆ ಕಡಲ ದಂಡೆಗೇ ಇತ್ತು. ಹೇಳಿದ ಹೊತ್ತಿಗೆ ಗಾಡಿ ಅಂಗಳದಲ್ಲಿ ನಿಂತಿತು. ಗಂಗಾಬಾಯಿ ಬುತ್ತಿ ಬಿಚ್ಚಿ, ಒಂದು ರೊಟ್ಟಿ ಎತ್ತಿ, ಬಂದವರೆಲ್ಲರ ಎದುರು ಬೇಕೆಂದೇ ಮುರಿದಳು. ‘ಕಟ್!’ ಎಂಬ ಸದ್ದಿಗೆ ತೆಂಗಿನ ಮರದ ಕಾಗೆಗಳು ಹಾರಿದವು! ಹಸಿರು ಬಳೆ ತೊಟ್ಟ ಸುವರ್ಣಾ ಸೆರಗಿನೊಳಗೆ ಕಿಸಕ್ಕೆಂದಳು. ದಾಕ್ಷಾಯಿಣಿ ನಿಂತಲ್ಲೇ ಅರ್ಧ ಅಡಿ ಎತ್ತರವಾದಳು.

“ರೊಟ್ಟಿ ಖಡಕ್ ಅದಾವ, ಒಪ್ಪಿದೆ,” ಎಂದು ಗಂಗಾಬಾಯಿ ದಂಡೆಯತ್ತ ಕೈ ತೋರಿಸಿದಳು. “ಆದ್ರ ಬೀಗ್ತ್ಯಾರ, ನಮ್ಮ ಸಮುದ್ರ ಎಲ್ಲೈತ್ರಿ?”

ಸಮುದ್ರ ಅರ್ಧ ಹರದಾರಿ ಹಿಂದಕ್ಕೆ ಸರಿದು ನಿಂತಿತ್ತು! ದೋಣಿಗಳು ಒಣ ಮರಳಿನ ಮೇಲೆ ಪಕ್ಕೆ ಹಾಕಿ ಮಲಗಿದ್ದವು. ಗುಂಡಿಯಿಲ್ಲದ ಯಂತ್ರ ಗಾಡಿಯೊಳಗೆ ಇನ್ನೂ ಭೋರೆನ್ನುತ್ತಿತ್ತು.

“ಬ್ಯಾಟ್ರಿ ತಂತಿ ಕಿತ್ತೊಗಿ ಮಾನಂದಾ!”

“ಕಿತ್ತರ ಹೋದದ್ದೆಲ್ಲಾ ಒಮ್ಮೆಲೇ ಬರತೈತಿ. ಮೊದಲ ಎಲ್ಲಾರೂ ಊಟ ಮುಗಸ್ರಿ. ಆಮ್ಯಾಲೆ ಗಾಡಿ ಸಾವಕಾಶ ಹಿಂದ ತೊಗೊಂಡು ಸಮುದ್ರಾನ ಕರಕೊಂಡ ಬರೂಣು.”

ಮೆಟ್ಟಿಲ ಬುಡದಿಂದ ಏಡಿಯೊಂದು ಹೊರಬಂದು, ಒಂದು ಗಳಿಗೆ ನಿಂತು, ಆಮೇಲೆ ನೀರು ಹುಡುಕಿಕೊಂಡು ಅಡ್ಡಡ್ಡ ಹೊರಟಿತು.