ಸಂಡೂರು ರಸ್ತೆಯ ಕೆಂಪು

ನನ್ನ ಕ್ಯಾಮೆರಾಕ್ಕೆ ಹಾಕುತ್ತಿದ್ದ ಆ ಸ್ಲೈಡ್ ರೀಲು ಮಾಡುವುದನ್ನು ನಿಲ್ಲಿಸುವಾಗ ಕಂಪನಿಯವರು ನನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅನುಭವಿಸಿದವನು ಹೊಸಪೇಟೆಯ ನಾನು.

ಮದುವೆಯಾದ ಹೊಸತರಲ್ಲಿ ಹಂಪಿಯ ಬಂಡೆಯೊಂದರ ಮೇಲೆ ಯಮುನಾಳನ್ನು ಕೂರಿಸಿ ಆ ರೀಲಿನಲ್ಲಿ ಒಂದು ಚಿತ್ರ ತೆಗೆದಿದ್ದೆ. ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟರೆ ಅವಳ ಕೆಂಪು ಸೀರೆ ಈಗಲೂ ಧಗಧಗಿಸುತ್ತದೆ. (ಅವಳ ಕಣ್ಣುಗಳೂ ಧಗಧಗಿಸುತ್ತವೆ, ಅದಕ್ಕೆ ಪ್ರೊಜೆಕ್ಟರು ಬೇಕಿಲ್ಲ.) ಮದುವೆಯ ಬೆಳ್ಳಿಹಬ್ಬ ಹತ್ತಿರ ಬಂದಾಗ ಸುಗ್ರೀವಾಜ್ಞೆ ಹೊರಟಿತು.

“ಅದೇ ಸೀರಿ ಉಡ್ತೀನಿ. ಅದೇ ಬಣ್ಣ ಬರಬೇಕು. ಈ ಸಲ ನೀವೂ ಪಕ್ಕದಾಗ ನಿಂದರಬೇಕು. ನೆಂಟರು ಬರೋದ್ರಾಗ ಫೋಟೋ ಪಡಸಾಲಿಯಾಗ ಇರಬೇಕು. ಇಲ್ಲಾಂದ್ರ ನಿಮ್ಮ ಕ್ಯಾಮೆರಾನ ಸ್ಟೀಲ್ ಪಾತ್ರಿಯವಳಿಗೆ ಕೊಟ್ಟು ಕುಕ್ಕರ್ ತಗೋತೀನಿ!”

ಸ್ಟುಡಿಯೋದ ಉಚ್ಚೆಂಗಪ್ಪನ ಬಳಿ ಓಡಿದೆ. “ಆ ರೀಲು ಬರೋದು ನಿಂತೈತ್ರಿ ಸರ್. ಅದರಂಗ ಇರೋ ಹೊಸಾವು ಅದಾವು, ಹಾಕಿ ನೋಡ್ರಿ,” ಎಂದ.

ಶುರುವಾಯಿತು ನನ್ನ ವರ್ಣಾನ್ವೇಷಣೆ. ಭಾನುವಾರ ಬಂದರೆ ಸೀರೆಸಮೇತ ಯಮುನಾಳನ್ನು ಸ್ಕೂಟರಿಗೇರಿಸಿ ಕಡ್ಡಿರಾಂಪುರದ ಮೇಲಿಂದ ಹಂಪಿಗೆ ಸವಾರಿ. ಒಂದು ರೀಲಿನಲ್ಲಿ ಸೀರೆ ಬೀಟ್‌ರೂಟಾಯಿತು. ಇನ್ನೊಂದರಲ್ಲಿ ಸೀರೆ ಪರವಾಗಿಲ್ಲ, ಯಮುನಾಳಿಗೆ ಕಾಮಾಲೆ. ಮತ್ತೊಂದರಲ್ಲಿ ಬಂಡೆಯೇ ಹಸಿರು. ಕೆಂಪು ಎಂದರೇನು ಎಂಬುದೇ ನನಗೆ ಮರೆತುಹೋಯಿತು. ಸಂತೆಯಲ್ಲಿ ಟೊಮೆಟೊ ಹಿಡಿದು ನಿಂತು ಯೋಚಿಸತೊಡಗಿದೆ.

ಅಷ್ಟರಲ್ಲಿ ಪವಾಡವಾಯಿತು. ಸಂಡೂರಿನಲ್ಲಿ ನೆಂಟರ ಮುಂಜಿ ಮುಗಿಸಿ ಬರುವಾಗ, ಅದೇ ಸೀರೆಯಲ್ಲಿದ್ದ ಯಮುನಾಳನ್ನು ರಸ್ತೆ ಬದಿ ನಿಲ್ಲಿಸಿ ಮತ್ತೊಂದು ಹೊಸ ರೀಲಿನಲ್ಲಿ ಒಂದು ಕ್ಲಿಕ್. ತೊಳೆದು ಬಂದ ಫೋಟೋ ನೋಡಿ ಕುಣಿದುಬಿಟ್ಟೆ. ಅದೇ ಕೆಂಪು! ಸ್ಟುಡಿಯೋದಲ್ಲಿದ್ದ ಆ ಜಾತಿಯ ರೀಲನ್ನೆಲ್ಲ ತಂದು, ಕೊತ್ತಂಬರಿ ಹೊರಗೆಸೆದು, ಕೆಡದಿರಲೆಂದು ಫ್ರಿಜ್ಜಿನಲ್ಲಿ ತುಂಬಿದೆ.

ಮುಂದಿನ ಭಾನುವಾರ ಹಂಪಿಯಲ್ಲಿ ಅದೇ ರೀಲು ಹಾಕಿದೆ. ಸೀರೆ ನೀರುಸಾರಿನಂತೆ ಪೇಲವವಾಗಿ ಬಂತು.

“ಅದೇ ರೀಲು, ಅದೇ ಸೀರಿ, ಅದೇ ಹೆಂಡ್ತಿ! ಹೆಂಗಿದು?” ಎಂದು ತಲೆ ಕೆರೆದುಕೊಂಡೆ.

ಯಮುನಾ ಸಂಡೂರಿನ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಳು. “ರೀ, ಅವತ್ತು ನಾ ಯಾವ ಹೂ ಮುಡಿದಿದ್ದೆ?”

“ಮಲ್ಲಿಗಿ.”

“ಮಲ್ಲಿಗಿ ಯಾಕ ಕೆಂಪದ?”

ನೋಡಿದೆ. ಮಲ್ಲಿಗೆ ಕೆಂಪು, ಹಿಂದಿನ ಬಿಳಿ ಮೈಲಿಗಲ್ಲು ಕೆಂಪು, ಆಕಾಶವೂ ಕೆಂಪು. ಅವತ್ತು ಗಣಿಯಿಂದ ಕಬ್ಬಿಣದ ಅದಿರು ಹೊತ್ತ ಲಾರಿಗಳ ಸಾಲು ನಮ್ಮ ಪಕ್ಕದಲ್ಲೇ ಹಾದುಹೋಗಿತ್ತು. ನಾನು ಫ್ರಿಜ್ಜಿನಲ್ಲಿ ತುಂಬಿದ್ದು ರೀಲು. ಬಣ್ಣ ಕೊಟ್ಟದ್ದು ಧೂಳು.

ಕ್ಯಾಮೆರಾದ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಯಮುನಾ ಆ ಬಣ್ಣ ಬಿಡಲು ಒಪ್ಪಲಿಲ್ಲ. ಉಚ್ಚೆಂಗಪ್ಪನ ಕೈಗೆ ಕ್ಯಾಮೆರಾ ಕೊಟ್ಟು ನಾವಿಬ್ಬರೂ ಸಂಡೂರು ರಸ್ತೆಯಲ್ಲಿ ನಿಂತೆವು. ನನ್ನದು ಬಿಳಿ ಪಂಚೆ, ಬಿಳಿ ಶರ್ಟು. ಲಾರಿ ಬಂದಾಗಲೆಲ್ಲ ಅವಳು ನನ್ನ ಬೆನ್ನ ಹಿಂದೆ ಅಡಗಿ, ಬೇಕಾದಷ್ಟೇ ಧೂಳು ಪಡೆದಳು.

“ತಡೀರಿ ಉಚ್ಚೆಂಗಪ್ಪ, ಇನ್ನೊಂದು ಲಾರಿ ಹೋಗ್ಲಿ!”

ಫೋಟೋ ಪಡಸಾಲೆಗೆ ಬಂತು. ನೆಂಟರು ಸೀರೆಯನ್ನು ಹೊಗಳಿದ್ದೇ ಹೊಗಳಿದ್ದು. ಕಂಪ್ಲಿಯಿಂದ ಬಂದ ಅವಳ ತಮ್ಮ ಭಾರ್ಗವ್ ಕನ್ನಡಕ ಏರಿಸಿ ನೋಡಿದ. ಕಾಫಿ ತಟ್ಟೆ ಹಿಡಿದು ನಾನು ಅವನ ಹಿಂದೆಯೇ ನಿಂತಿದ್ದೆ.

“ಮಸ್ತ್ ಅದ ಅಕ್ಕಾ! ಆದ್ರ ಭಾವಾರು ಎಲ್ಲಿ? ಈ ಲಾರಿ ಕ್ಲೀನರ್‌ನ ಯಾಕ ಪಕ್ಕದಾಗ ನಿಲ್ಲಿಸ್ಕೊಂಡೀ?”

ಯಮುನಾ ನನ್ನನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದಳು.

“ಇರ್ಲಿ ಬಿಡೋ,” ಎಂದಳು, “ಬಣ್ಣ ಛಲೋ ಬಂದದ.”